ಒಂಬತ್ತು ಕಿಲೋ ಡಬ್ಬಿ ಮತ್ತು ಯಾರೂ ಆಡದ ಒಂದು ಮಾತು: ವಿಮಾನಯಾನ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ,
ನವದೆಹಲಿ

ಮತ್ತು ದೇಶದ ಎಲ್ಲ ವಿಮಾನ ಕಂಪನಿಗಳ, ಗ್ರೌಂಡ್ ಹ್ಯಾಂಡ್ಲಿಂಗ್ ಸಂಸ್ಥೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ಇಪ್ಪತ್ತಾರು ವರ್ಷ ವಿಮಾನ ನಿಲ್ದಾಣದಲ್ಲಿ ದುಡಿದವನು. ಮೊದಲು ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣದ ರ‍್ಯಾಂಪ್ ಮೇಲೆ, ಅಂದರೆ ವಿಮಾನ ನಿಲ್ಲಿಸಿ ಸಾಮಾನು ಹತ್ತಿಸುವ ಅಂಗಳದಲ್ಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಬಂದ ಮೇಲೆ ಲೋಡ್ ಕಂಟ್ರೋಲ್‌ನಲ್ಲಿ. ವಿಮಾನದ ಹೊಟ್ಟೆಯೊಳಗೆ ಯಾವ ಸಾಮಾನು ಎಲ್ಲಿ ಕೂರಬೇಕು, ಒಟ್ಟು ತೂಕ ಎಷ್ಟು, ಆ ತೂಕ ಮುಂದಕ್ಕೆ ಹೆಚ್ಚಾಯಿತಾ ಹಿಂದಕ್ಕೆ ಹೆಚ್ಚಾಯಿತಾ ಅಂತ ಲೆಕ್ಕ ಹಾಕಿ ಲೋಡ್‌ಶೀಟ್ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಈಗ ನಿವೃತ್ತನಾಗಿದ್ದೇನೆ. ಕೆಲಸದಲ್ಲಿ ಇದ್ದಾಗ ಈ ಪತ್ರ ಬರೆಯುವ ಧೈರ್ಯ ನನಗಿರಲಿಲ್ಲ. ಅದನ್ನು ಮೊದಲೇ ಒಪ್ಪಿಕೊಂಡು ಶುರು ಮಾಡುತ್ತೇನೆ.

ಒಂದು ರಾತ್ರಿ ನಡೆದದ್ದನ್ನು ಹೇಳಬೇಕು. ಯಾವ ಕಂಪನಿ, ಯಾವ ವಿಮಾನ ಅಂತ ಬರೆಯುವುದಿಲ್ಲ. ಅದು ಯಾವ ಕಂಪನಿಯಲ್ಲೂ ಆಗಬಹುದಿತ್ತು.

ಮಳೆಗಾಲ. ಪೂರ್ವ ಭಾರತದ ಒಂದು ಊರಿಗೆ ಹೋಗುವ ಆ ದಿನದ ಕೊನೆಯ ವಿಮಾನ. ಸರಕಿನಲ್ಲಿ ಒಂದು ಸಣ್ಣ ಥರ್ಮೋಕೋಲ್ ಡಬ್ಬಿ ಇತ್ತು. ತೂಕ ಒಂಬತ್ತು ಕಿಲೋ. ಒಳಗೆ ಎರಡು ಯೂನಿಟ್ ರಕ್ತ, ಸುತ್ತಲೂ ಜೆಲ್ ಪ್ಯಾಕ್. ಮಾಮೂಲಿ ರಕ್ತ ಅಲ್ಲ, ಬಾಂಬೆ ಗುಂಪಿನ ರಕ್ತ. 1952ರಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಜೊತೆಯವರು ಮುಂಬೈಯಲ್ಲಿ ಮೊದಲು ಗುರುತಿಸಿದ ಗುಂಪು ಅದು, ಅದಕ್ಕೇ ಆ ಹೆಸರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆ ಅನ್ನುತ್ತಾರೆ. ಓ ಗುಂಪಿನ ರಕ್ತ ಎಲ್ಲರಿಗೂ ಆಗುತ್ತೆ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ ಅಲ್ವಾ? ಇವರಿಗೆ ಓ ಕೂಡ ಆಗುವುದಿಲ್ಲ. ಅದೇ ಗುಂಪಿನವರು ಕೊಟ್ಟರೆ ಮಾತ್ರ ಉಂಟು. ಬೆಂಗಳೂರಿನಲ್ಲಿ ಯಾರೋ ಒಬ್ಬರು ಕೊಟ್ಟಿದ್ದರು. ಅಲ್ಲಿ ಒಬ್ಬ ಹೆಣ್ಣುಮಗಳು ಮರುದಿನ ಬೆಳಿಗ್ಗೆ ಆಪರೇಷನ್‌ಗೆ ಕಾಯುತ್ತಿದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಹೊತ್ತಿಗೆ ನನ್ನ ಪರದೆಯ ಮೇಲೆ ಇದ್ದದ್ದು ಮೂರು ಅಕ್ಷರದ ಒಂದು ಕೋಡ್ ಮತ್ತು "9" ಅನ್ನೋ ಅಂಕಿ, ಅಷ್ಟೇ.

ತುರ್ತಿನ ಡಬ್ಬಿಗಳನ್ನು ನಾವು ಕೊನೆಯಲ್ಲಿ ಹತ್ತಿಸುತ್ತೇವೆ. ಎ320 ವಿಮಾನದಲ್ಲಿ ಹಿಂಬದಿಗೆ ಹೋಲ್ಡ್ 5 ಅಂತ ಇದೆ. ಹೋಲ್ಡ್ ಅಂದರೆ ಸರಕು ಇಡುವ ಕೋಣೆ. ಚಿಕ್ಕ ಜಾಗ, ಬಾಗಿಲಿಗೆ ಹತ್ತಿರ. ಅಲ್ಲಿಟ್ಟರೆ ಇಳಿದ ಊರಿನಲ್ಲಿ ಮೊದಲು ಕೈಗೆ ಸಿಗುತ್ತದೆ. ಒಳ್ಳೆಯ ಉದ್ದೇಶದಿಂದಲೇ ಮಾಡಿಕೊಂಡ ಪದ್ಧತಿ ಅದು. ಆದರೆ ಕೊನೇ ಗಳಿಗೆಯಲ್ಲಿ ತೂಕ ಇಳಿಸಬೇಕಾಗಿ ಬಂದರೆ ಮೊದಲು ಖಾಲಿ ಮಾಡುವುದೂ ಅದೇ ಹೋಲ್ಡನ್ನು. ಕೈಗೆ ಬೇಗ ಸಿಗುತ್ತದಲ್ಲ! ಎಲ್ಲಕ್ಕಿಂತ ಮೊದಲು ತಲುಪಬೇಕಾದ ಸಾಮಾನೇ ಎಲ್ಲಕ್ಕಿಂತ ಮೊದಲು ಕೆಳಗಿಳಿಯುತ್ತದೆ. ಈ ಒಂದು ವಿಷಯವನ್ನು ನೀವು ಗಮನಿಸಬೇಕು ಅಂತ ನನ್ನ ಕೋರಿಕೆ. ಇದು ಯಾವ ಕೈಪಿಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ರ‍್ಯಾಂಪ್ ಮೇಲೆ ನಿಂತವರಿಗೆಲ್ಲ ಗೊತ್ತು.

ಆ ರಾತ್ರಿ ಆದದ್ದೂ ಅದೇ. ಮಧ್ಯಾಹ್ನ ಬಂದಿದ್ದ ಕ್ಯಾಪ್ಟನ್‌ಗೆ ನಮ್ಮ ಡ್ಯೂಟಿ ಆಫೀಸರ್ ಡಬ್ಬಿಯ ವಿಷಯ ಬಾಯಿಮಾತಿನಲ್ಲಿ ಹೇಳಿದ್ದರು. ವಿಮಾನ ತಡವಾಯಿತು. ಅವರ ಡ್ಯೂಟಿ ಸಮಯ ಮುಗಿಯಿತು. ಬೇರೆ ಕ್ಯಾಪ್ಟನ್ ಬಂದರು. ಹೇಳಿದ ಮಾತು ಮೊದಲನೆಯವರ ಜೊತೆ ಮನೆಗೆ ಹೋಯಿತು. ಹೊಸ ಕ್ಯಾಪ್ಟನ್ ಹವಾಮಾನ ನೋಡಿದರು. ಅಲ್ಲಿ ಜೋರು ಮಳೆ ಇತ್ತು. ಇಳಿಯಲಾಗದೆ ಬೇರೆ ಊರಿಗೆ ಹೋಗಬೇಕಾದೀತು ಅಂತ ಇಂಧನ ಜಾಸ್ತಿ ಕೇಳಿದರು. ಕೇಳಿದ್ದು ಸರಿ, ಕೇಳದಿದ್ದರೇ ತಪ್ಪಾಗುತ್ತಿತ್ತು. ಇಂಧನ ಏರಿದ್ದರಿಂದ ತೂಕದ ಮಿತಿ ದಾಟಿತು. ನಾನು ಒಂದು ಸಾಲು ಟೈಪ್ ಮಾಡಿದೆ: ಹೋಲ್ಡ್ 5ರಿಂದ 400 ಕಿಲೋ ಇಳಿಸಿ.

ಏನನ್ನು ಇಳಿಸಬೇಕು ಅಂತ ನಾನು ಬರೆಯಲಿಲ್ಲ. ಏನನ್ನು ಇಳಿಸಬಾರದು ಅಂತಲೂ ಬರೆಯಲಿಲ್ಲ. ಹೊರಡಲು ಹನ್ನೊಂದು ನಿಮಿಷ ಬಾಕಿ ಇತ್ತು.

ಕೆಳಗೆ ಹೋಲ್ಡಿನಲ್ಲಿ ಇದ್ದವನು ಚಿಂತಾಮಣಿ ಕಡೆಯ ಹುಡುಗ, ಗುತ್ತಿಗೆ ಲೋಡರ್. ಡಬ್ಬಿಯ ಮೇಲೆ ಕೆಂಪು ಗುರುತು ನೋಡಿ ಅವನಿಗೆ ಅನುಮಾನ ಬಂತು. "ಅಣ್ಣಾ, ಇದ್ರಾಗೆ ರಕ್ತ ಐತೆ, ಇದನ್ನ ಬಿಡಾಣ" ಅಂತ ಕೂಗಿ ಹೇಳಿದ. ಮೇಲ್ವಿಚಾರಕನಿಗೆ ಕನ್ನಡ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಿಮಾನದ ಇಂಜಿನ್ ಸದ್ದು. ಮೇಲ್ವಿಚಾರಕ ಕೈ ಬೀಸಿ ಬೇಗ ಬೇಗ ಅಂದ. ಹುಡುಗ ಡಬ್ಬಿ ಇಳಿಸಿದ. ಕಾಕ್‌ಪಿಟ್‌ಗೆ ಹೊಸ ಲೋಡ್‌ಶೀಟ್ ಹೋಯಿತು. ಅದರಲ್ಲಿ ಹೊಸ ತೂಕ ಇತ್ತು, ಹೊಸ ಟ್ರಿಮ್ (ತೂಕ ಮುಂದೆ ಹಿಂದೆ ಸರಿದೂಗಿಸುವ ಲೆಕ್ಕ) ಇತ್ತು. ಒಂದೂ ತಪ್ಪಿರಲಿಲ್ಲ. ಆ ಇಪ್ಪತ್ತಾರು ವರ್ಷದಲ್ಲಿ ನಾನು ಮಾಡಿದ ಅಚ್ಚುಕಟ್ಟಾದ ಲೋಡ್‌ಶೀಟ್‌ಗಳಲ್ಲಿ ಅದೂ ಒಂದು. ವಿಮಾನ ಹಾರಿತು.

ಆ ಒಂಬತ್ತು ಕಿಲೋ ಅಲ್ಲೇ ಇದ್ದಿದ್ದರೂ ವಿಮಾನಕ್ಕೆ ಏನೂ ಆಗುತ್ತಿರಲಿಲ್ಲ. ಒಂದು ಸೂಟ್‌ಕೇಸ್ ಜಾಸ್ತಿ ಇಳಿಸಿದ್ದರೆ ಮುಗಿಯುತ್ತಿತ್ತು.

ರಾತ್ರಿ ಹನ್ನೊಂದೂವರೆಗೆ ಕಾರ್ಗೋ ಶೆಡ್ಡಿನ ಗುಮಾಸ್ತರೊಬ್ಬರು ಟ್ರಾಲಿ ಮೇಲೆ ಡಬ್ಬಿ ನೋಡಿದರು. ತಕ್ಷಣ ಕೋಲ್ಡ್ ರೂಮಿಗೆ ಹಾಕಿಸಿದರು. ಬೆಳಗಿನ ಮೊದಲ ವಿಮಾನಕ್ಕೆ ಹೋಯಿತು. ಅತ್ತ ಆಸ್ಪತ್ರೆಯ ಒಬ್ಬ ಟೆಕ್ನೀಷಿಯನ್ ರಾತ್ರಿಯಿಡೀ ಕಾರ್ಗೋ ಗೇಟಿನ ಮುಂದೆ ನಿಂತಿದ್ದನಂತೆ. ನಮ್ಮ ಕಚೇರಿಗೆ ಅವನೇ ನಾಲ್ಕು ಸಲ ಫೋನ್ ಮಾಡಿದ್ದ. ಆಪರೇಷನ್ ಮುಂದಕ್ಕೆ ಹೋಯಿತು ಅನ್ನುವವರೆಗೆ ನನಗೆ ಗೊತ್ತು. ಆ ಹೆಣ್ಣುಮಗಳಿಗೆ ಆಮೇಲೆ ಏನಾಯಿತು ಅಂತ ನಮಗೆ ಯಾರೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ನಾನು ಇವತ್ತಿಗೂ ಅದನ್ನು ನೆನೆಸಿಕೊಳ್ಳುತ್ತೇನೆ.

ಎರಡು ವಾರ ಕಳೆದ ಮೇಲೆ ಆ ವಿಮಾನ ಹಾರಿಸಿದ ಎರಡನೇ ಕ್ಯಾಪ್ಟನ್ ಸಿಕ್ಕರು. ನಾನೇ ಹೋಗಿ ಹೇಳಿದೆ. ಅವರಿಗೆ ಅದೇ ಮೊದಲ ಸಲ ಗೊತ್ತಾಗಿದ್ದು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ನನಗೆ ಒಂದು ಮಾತು ಹೇಳಬಾರದಿತ್ತಾ? ಡಬ್ಬೀನ ಕಾಕ್‌ಪಿಟ್‌ನಲ್ಲಿ ನನ್ನ ಕಾಲ ಹತ್ತಿರ ಇಟ್ಟುಕೊಂಡಾದರೂ ಹೋಗ್ತಿದ್ದೆ" ಅಂದರು. ಹಾಗೆ ಇಟ್ಟುಕೊಳ್ಳಲು ನಿಯಮ ಬಿಡುವುದಿಲ್ಲ, ಅದು ಅವರಿಗೂ ಗೊತ್ತು. ಆದರೆ ಅವರ ಮನಸ್ಸು ನನಗೆ ಅರ್ಥವಾಯಿತು.

ಮಾನ್ಯರೇ, ಈಗ ನಿಯಮದ ವಿಷಯಕ್ಕೆ ಬರುತ್ತೇನೆ. ಅಪಾಯಕಾರಿ ಸರಕು ಇದ್ದರೆ ಕ್ಯಾಪ್ಟನ್‌ಗೆ ಹೊರಡುವ ಮೊದಲೇ ಲಿಖಿತವಾಗಿ ತಿಳಿಸಬೇಕು. ಅದನ್ನು ನಾವು ನೋಟಾಕ್ ಅನ್ನುತ್ತೇವೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅನುಬಂಧ 18 ಇದನ್ನೇ ಹೇಳುತ್ತದೆ. ನಮ್ಮ ದೇಶದ ಅಪಾಯಕಾರಿ ಸರಕು ಸಾಗಣೆ ನಿಯಮಗಳೂ ಇದನ್ನೇ ಹೇಳುತ್ತವೆ. ಮೀನಿನ ಡಬ್ಬಿಯಲ್ಲಿ ಡ್ರೈ ಐಸ್ ತುಂಬಿ ಸರಕಾಗಿ ಕಳಿಸಿದರೆ ಅದಕ್ಕೆ ನೋಟಾಕ್ ಬೇಕು. ಬೇಕಾದದ್ದೇ. ಡ್ರೈ ಐಸ್ ಕರಗಿದರೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಪಕ್ಕದಲ್ಲಿ ನಾಯಿ ಇದ್ದರೆ ಉಸಿರು ಕಟ್ಟುತ್ತದೆ. ಆದರೆ ಜೆಲ್ ಪ್ಯಾಕ್‌ನಲ್ಲಿಟ್ಟ ಪರೀಕ್ಷೆಯಾದ ರಕ್ತ ಅಪಾಯಕಾರಿ ಸರಕು ಅಲ್ಲ. ಹಾಗಾಗಿ ಆ ನಿಯಮದ ಪ್ರಕಾರ ಅದರ ಬಗ್ಗೆ ಕ್ಯಾಪ್ಟನ್‌ಗೆ ಹೇಳಲೇಬೇಕು ಅಂತ ಇಲ್ಲ. ಕೆಲವು ಕಂಪನಿಗಳು ತಾವಾಗೇ ವಿಶೇಷ ಸರಕಿನ ಪಟ್ಟಿಯಲ್ಲಿ ಬರೆದು ಕೊಡುತ್ತವೆ. ಅದು ಆಯಾ ಕಂಪನಿಯ ಒಳ್ಳೆಯತನ. ಮೀನಿನ ಜೊತೆಗಿರುವ ಐಸ್ ಬಗ್ಗೆ ಹೇಳುವುದು ಕಡ್ಡಾಯ, ಮನುಷ್ಯರ ಜೀವ ಉಳಿಸುವ ರಕ್ತದ ಬಗ್ಗೆ ಹೇಳುವುದು ಅವರವರ ಇಷ್ಟ. ಇದು ಸರಿನಾ?

ಅಂಗಾಂಗಗಳ ವಿಷಯದಲ್ಲಿ ಸ್ಥಿತಿ ಸುಧಾರಿಸಿದೆ, ಅದನ್ನು ಹೇಳಲೇಬೇಕು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಒಂದು ಹೃದಯ ಹೋದಾಗ ಊರಿಗೆ ಊರೇ ದಾರಿ ಬಿಟ್ಟಿತ್ತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಂಗಾಂಗ ಸಾಗಣೆಗೆ ಮಾರ್ಗಸೂಚಿ ತಂದಿತು. ಅಂಗ ಹೊತ್ತ ವಿಮಾನಕ್ಕೆ ಮೊದಲು ಹಾರಲು, ಮೊದಲು ಇಳಿಯಲು ಕೋರಬಹುದು. ಕ್ಯಾಪ್ಟನ್ ಪ್ರಯಾಣಿಕರಿಗೆ ಹೇಳಬಹುದು. ಅಂದರೆ ಕ್ಯಾಪ್ಟನ್‌ಗೆ ಗೊತ್ತಿದ್ದರೆ ಎಷ್ಟು ಕೆಲಸ ಆಗುತ್ತದೆ ಅಂತ ಸರ್ಕಾರಕ್ಕೇ ಗೊತ್ತಿದೆ. ಆ ಮಾರ್ಗಸೂಚಿ ಅಂಗಾಂಗಗಳಿಗಾಗಿ ಮಾಡಿದ್ದು. ಅಂಗದ ಜೊತೆ ಸಾಮಾನ್ಯವಾಗಿ ಒಬ್ಬ ಡಾಕ್ಟರೋ ಸಿಬ್ಬಂದಿಯೋ ಇರುತ್ತಾರೆ, ಅವರಿಗೆ ಬಾಯಿ ಇರುತ್ತದೆ. ಹೋಲ್ಡಿನಲ್ಲಿ ಒಂಟಿಯಾಗಿ ಹೋಗುವ ರಕ್ತದ ಡಬ್ಬಿಗೆ, ಔಷಧದ ಡಬ್ಬಿಗೆ, ಪಂಜರದ ನಾಯಿಗೆ ಮಾತಾಡಲು ಯಾರೂ ಇರುವುದಿಲ್ಲ.

ನೋಟಾಕ್ ಕೊಟ್ಟು ಸಹಿ ಹಾಕಿಸಿಕೊಂಡರೆ ಎಲ್ಲ ಮುಗಿಯಿತು ಅಂತಲೂ ನಾನು ನಂಬುವುದಿಲ್ಲ. ಕಾಗದ ಕೈಗೆ ಬಂದರೂ ಮಾತು ಆಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ತರಬೇತಿಯಲ್ಲಿ ಒಂದು ಕಥೆ ಹೇಳುತ್ತಿದ್ದರು. ಕಥೆ ಅಲ್ಲ, ನಡೆದದ್ದು. ಅಮೆರಿಕದ ವ್ಯಾಲ್ಯೂಜೆಟ್ ಕಂಪನಿಯ 592ನೇ ವಿಮಾನ. 1996ರ ಮೇ 11. ಮಯಾಮಿಯಿಂದ ಅಟ್ಲಾಂಟಾಗೆ ಹೊರಟಿದ್ದ ಡಿಸಿ-9. ಕಂಪನಿಯ ಬೇರೆ ವಿಮಾನಗಳಿಂದ ಬಿಚ್ಚಿದ ಆಮ್ಲಜನಕದ ಜನರೇಟರ್‌ಗಳನ್ನು (ಪ್ರಯಾಣಿಕರ ಮಾಸ್ಕ್‌ಗೆ ಆಮ್ಲಜನಕ ಕೊಡುವ ಸಾಧನಗಳು) ರಿಪೇರಿ ಗುತ್ತಿಗೆದಾರರು ಐದು ರಟ್ಟಿನ ಡಬ್ಬಿಯಲ್ಲಿ ತುಂಬಿ ಕಳಿಸಿದ್ದರು. ಸುಮಾರು 140 ಇದ್ದವು. ಅವುಗಳಲ್ಲಿ ಬಹುಪಾಲಿನ ಅವಧಿ ಮುಗಿದಿತ್ತು. ಆದರೆ ಬಹಳಷ್ಟು ಖಾಲಿಯಾಗಿರಲಿಲ್ಲ. ಒಂದು ಸಲ ಹೊತ್ತಿಕೊಂಡರೆ ಮೈ ಇನ್ನೂರು ಡಿಗ್ರಿಗೂ ಜಾಸ್ತಿ ಬಿಸಿಯಾಗುವ ವಸ್ತು. ಹೊತ್ತಿಕೊಳ್ಳದಂತೆ ಹಾಕಬೇಕಾದ ಪ್ಲಾಸ್ಟಿಕ್ ಕ್ಯಾಪ್ ಹಾಕಿರಲಿಲ್ಲ. ಚೀಟಿ ಬರೆದ ಗುಮಾಸ್ತ ಅವು ಖಾಲಿ ಅಂದುಕೊಂಡು ಆಮ್ಲಜನಕದ ಡಬ್ಬಿ, "ಖಾಲಿ" ಅಂತ ಬರೆದುಬಿಟ್ಟ.

ಈಗ ರ‍್ಯಾಂಪ್ ಮೇಲೆ ಏನಾಯಿತು ನೋಡಿ. ನೂರಾರು ಪುಟದ ತನಿಖಾ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೊಂದೇ ಜಾಗ. ಗ್ರೌಂಡ್ ಸಿಬ್ಬಂದಿ ಆ ಚೀಟಿಯನ್ನು ತೆಗೆದುಕೊಂಡು ಸಹಪೈಲಟ್ ಹತ್ತಿರ ಹೋದ. ತೋರಿಸಿದ. ಮುಂದಿನ ಹೋಲ್ಡಿನಲ್ಲಿ ಇಡಬಹುದಾ ಅಂತ ಕೇಳಿದ. ಎಷ್ಟು ತೂಕ, ಎಲ್ಲಿ ಇಡೋದು ಅಂತ ಇಬ್ಬರೂ ಮಾತಾಡಿದರು. ಚೀಟಿಯಲ್ಲಿ ಆಮ್ಲಜನಕ ಅಂತ ಬರೆದಿತ್ತಲ್ಲ, ಆ ಪದದ ಬಗ್ಗೆ ಇಬ್ಬರೂ ಮಾತಾಡಲಿಲ್ಲ ಅಂತ ಆ ಸಿಬ್ಬಂದಿಯೇ ಹೇಳಿದ್ದಾನೆ. ಆ ಕಂಪನಿಗೆ ಅಪಾಯಕಾರಿ ಸರಕು ಸಾಗಿಸುವ ಅನುಮತಿಯೇ ಇರಲಿಲ್ಲ. ಇದೇನು, ನಿಜವಾಗಿ ಖಾಲಿನಾ ಅಂತ ಒಬ್ಬರು ಕೇಳಿದ್ದರೆ ಸಾಕಿತ್ತು. ಡಬ್ಬಿಗಳು ಹತ್ತಿದವು, ಜೊತೆಗೆ ಮೂರು ಟೈರ್ ಇದ್ದವು. ಆ ಹೋಲ್ಡಿನಲ್ಲಿ ಹೊಗೆ ಪತ್ತೆ ಮಾಡುವ ಸಾಧನ ಇರಲಿಲ್ಲ. ಹಾರಿದ ಹತ್ತು ನಿಮಿಷದ ಒಳಗೆ ವಿಮಾನ ಉರಿದು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿತ್ತು. 110 ಜನ. ಒಬ್ಬರೂ ಉಳಿಯಲಿಲ್ಲ.

ನಾನು ಟೈಪ್ ಮಾಡಿದ ಸಾಲಿಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಅಲ್ಲಿ ಬೆಂಕಿ, ಇಲ್ಲಿ ಒಂದು ಡಬ್ಬಿ ತಡವಾದದ್ದು. ಆದರೆ ಎರಡೂ ಕಡೆ ಮಾತಾಡಿದವರು ತೂಕ ಮತ್ತು ಜಾಗದ ಬಗ್ಗೆ ಮಾತ್ರ ಮಾತಾಡಿದರು. ಡಬ್ಬಿಯಲ್ಲಿ ಏನಿದೆ ಅಂತ ಕೇಳುವುದು ತಮ್ಮ ಕೆಲಸ ಅಂತ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ.

ಇಂಥವು ಇನ್ನೂ ಇವೆ. 1997ರ ಆಗಸ್ಟ್‌ನಲ್ಲಿ ಅದೇ ಮಯಾಮಿಯಲ್ಲಿ ಫೈನ್ ಏರ್ ಕಂಪನಿಯ ಸರಕು ವಿಮಾನ ಬಿತ್ತು. ಕೊನೇ ಗಳಿಗೆಯಲ್ಲಿ ವಿಮಾನ ಬದಲಾಗಿತ್ತು, ಸರಕು ಜೋಡಿಸಿದ ರೀತಿ ಬದಲಾಗಿರಲಿಲ್ಲ, ಕ್ಯಾಪ್ಟನ್ ಕೈಯಲ್ಲಿದ್ದ ಲೆಕ್ಕಕ್ಕೂ ಹೊಟ್ಟೆಯಲ್ಲಿದ್ದ ತೂಕಕ್ಕೂ ತಾಳೆ ಇರಲಿಲ್ಲ. ಐದು ಜನ ಸತ್ತರು, ಒಬ್ಬರು ನೆಲದ ಮೇಲಿದ್ದವರು. 2010ರ ಸೆಪ್ಟೆಂಬರ್‌ನಲ್ಲಿ ದುಬೈನಿಂದ ಹೊರಟ ಯುಪಿಎಸ್ ಸರಕು ವಿಮಾನದಲ್ಲಿ ಬೆಂಕಿ ಬಿದ್ದು ಇಬ್ಬರು ಪೈಲಟ್‌ಗಳು ಸತ್ತರು. ಅಪಾಯಕಾರಿ ಅಂತ ಘೋಷಿಸಬೇಕಾಗಿದ್ದ ಲಿಥಿಯಂ ಬ್ಯಾಟರಿಗಳು ಘೋಷಣೆ ಇಲ್ಲದೆ ಅದರಲ್ಲಿದ್ದವು.

ಆದರೆ ನನಗೆ ಜಾಸ್ತಿ ನೆನಪಾಗುವುದು 2018ರ ಡಿಸೆಂಬರ್‌ನ ಒಂದು ಘಟನೆ. ಅದರಲ್ಲಿ ಯಾರೂ ಸಾಯಲಿಲ್ಲ. ಅಮೆರಿಕದ ಸೌತ್‌ವೆಸ್ಟ್ ಕಂಪನಿಯ ವಿಮಾನದಲ್ಲಿ ಸ್ಯಾಕ್ರಮೆಂಟೋದಿಂದ ಸಿಯಾಟಲ್‌ಗೆ ಒಂದು ಮನುಷ್ಯನ ಹೃದಯ ಬಂತು. ಅದರ ಕವಾಟಗಳನ್ನು ಬೇರೆಯವರಿಗೆ ಹಾಕಲು ತೆಗೆಯಬೇಕಿತ್ತು. ಸಿಯಾಟಲ್‌ನಲ್ಲಿ ಡಬ್ಬಿ ಇಳಿಸುವುದನ್ನೇ ಮರೆತರು. ವಿಮಾನ ಪ್ರಯಾಣಿಕರನ್ನು ಹತ್ತಿಸಿಕೊಂಡು ಡಲ್ಲಾಸ್ ಕಡೆ ಹಾರಿತು. ಐಡಹೋ ರಾಜ್ಯದ ಮೇಲೆ ಹೋಗುತ್ತಿರುವಾಗ ವಿಷಯ ಕಾಕ್‌ಪಿಟ್‌ಗೆ ತಲುಪಿತು. ಕ್ಯಾಪ್ಟನ್ ಪ್ರಯಾಣಿಕರಿಗೆ ವಿಷಯ ಹೇಳಿ ವಿಮಾನವನ್ನು ಹಿಂದಕ್ಕೆ ತಿರುಗಿಸಿದರು. ಒಳಗಿದ್ದವರಿಗೆಲ್ಲ ಗಂಟೆಗಟ್ಟಲೆ ತಡವಾಯಿತು. ಹೃದಯ ಹೊತ್ತಿಗೆ ಸರಿಯಾಗಿ ತಲುಪಿತು. ಇದನ್ನು ಓದಿದ ದಿನ ನನಗೆ ಆ ಕ್ಯಾಪ್ಟನ್ ಹೇಳಿದ ಮಾತು, ಡಬ್ಬೀನ ಕಾಲ ಹತ್ತಿರ ಇಟ್ಟುಕೊಂಡಾದರೂ ಹೋಗ್ತಿದ್ದೆ ಅಂದದ್ದು, ಮತ್ತೆ ಕಿವಿಯಲ್ಲಿ ಕೇಳಿಸಿತು. ಪೈಲಟ್‌ಗಳಿಗೆ ಮನಸ್ಸಿಲ್ಲ ಅಂತ ನಾನು ಎಂದೂ ಹೇಳುವುದಿಲ್ಲ. ಅವರಿಗೆ ಗೊತ್ತೇ ಇರುವುದಿಲ್ಲ, ಅಷ್ಟೇ.

ಹಳೇ ಎಚ್‌ಎಎಲ್ ನಿಲ್ದಾಣದಲ್ಲಿ ಲೋಡ್‌ಶೀಟನ್ನು ನಾವೇ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಕಾಕ್‌ಪಿಟ್‌ಗೆ ಕೊಡುತ್ತಿದ್ದೆವು. ಕ್ಯಾಪ್ಟನ್ ಸಹಿ ಮಾಡುವ ಎರಡು ನಿಮಿಷದಲ್ಲಿ ನಾಲ್ಕು ಮಾತು ಆಗುತ್ತಿತ್ತು. "ಹಿಂದೆ ಒಂದು ಲ್ಯಾಬ್ರಡಾರ್ ಇದೆ ಸಾರ್, ಹೀಟಿಂಗ್ ನೋಡ್ಕೊಳ್ಳಿ" ಅಂದರೆ ಸಾಕಿತ್ತು. ಎಲ್ಲ ವಿಮಾನದಲ್ಲಿ ಎಲ್ಲ ಹೋಲ್ಡಿಗೂ ಗಾಳಿ, ಬಿಸಿ ಹೋಗುವುದಿಲ್ಲ. ಹೋಗುವ ಕಡೆಯಲ್ಲೂ ಕೆಲವದಕ್ಕೆ ಕಾಕ್‌ಪಿಟ್‌ನಿಂದಲೇ ನೋಡಿಕೊಳ್ಳಬೇಕು. ಈಗ ಲೋಡ್‌ಶೀಟ್ ತಂತಿಯಿಲ್ಲದೆ ನೇರ ಕಾಕ್‌ಪಿಟ್ ಪ್ರಿಂಟರ್‌ಗೋ ಟ್ಯಾಬ್‌ಗೋ ಹೋಗುತ್ತದೆ. ಮಾಡುವವರು ಬೇರೆ ಊರಿನ ಕಚೇರಿಯಲ್ಲಿ ಕೂತಿರಬಹುದು. ಲೆಕ್ಕದ ತಪ್ಪು ಕಡಿಮೆಯಾಗಿದೆ, ಅದರಲ್ಲಿ ಅನುಮಾನ ಬೇಡ. ಹಳೆಯ ಕಾಲವೇ ಚೆನ್ನಾಗಿತ್ತು ಅಂತ ಹೇಳಲು ನಾನು ಬಂದಿಲ್ಲ. ಮೆಟ್ಟಿಲು ಹತ್ತುವುದು ನಿಂತಾಗ ಆ ನಾಲ್ಕು ಮಾತೂ ನಿಂತವು. ಆ ಮಾತುಗಳಿಗೆ ಬೇರೆ ಜಾಗವನ್ನು ಯಾರೂ ಮಾಡಿಕೊಡಲಿಲ್ಲ.

ಇದು ರಕ್ತಕ್ಕಷ್ಟೇ ಸೇರಿದ ಮಾತಲ್ಲ. ನವಿ ಮುಂಬೈನ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿಯಿಂದ ದೇಶದ ಆಸ್ಪತ್ರೆಗಳಿಗೆ ವಿಕಿರಣ ಔಷಧಗಳು ಹೋಗುತ್ತವೆ. ಕ್ಯಾನ್ಸರ್, ಹೃದಯದ ಸ್ಕ್ಯಾನ್‌ಗೆ ಬೇಕಾದ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ, ಅಂದರೆ ಅಷ್ಟು ಹೊತ್ತಿಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಒಂದು ದಿನ ಟ್ರಾಲಿ ಮೇಲೆ ಉಳಿದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಶಕ್ತಿ ಹಾಗೇ ಹೋಗಿಬಿಡುತ್ತದೆ. ಡಬ್ಬಿ ಹಾಗೇ ಇರುತ್ತದೆ, ಸೀಲ್ ಹಾಗೇ ಇರುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಸ್ಕ್ಯಾನ್‌ಗೆ ಊಟ ಬಿಟ್ಟು ಕಾದು ಕೂತ ರೋಗಿಯನ್ನು ವಾಪಸ್ ಕಳಿಸಬೇಕಾಗುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು. ಮೊದಲನೆಯದು, ಅಪಾಯಕಾರಿ ಅಲ್ಲದಿದ್ದರೂ ಜೀವಕ್ಕೆ ಸಂಬಂಧಪಟ್ಟ ಸರಕನ್ನು ಕ್ಯಾಪ್ಟನ್‌ಗೆ ತಿಳಿಸುವುದು ಎಲ್ಲ ಕಂಪನಿಗೂ ಕಡ್ಡಾಯ ಆಗಬೇಕು. ರಕ್ತ, ಕಾಂಡಕೋಶ, ಅಂಗಾಂಶ, ಹಾವಿನ ವಿಷಕ್ಕೆ ಕೊಡುವ ಔಷಧ, ಜೀವಂತ ಪ್ರಾಣಿ ಇವೆಲ್ಲ ಆ ಪಟ್ಟಿಯಲ್ಲಿ ಇರಲಿ. ಏನು, ಯಾವ ಹೋಲ್ಡ್, ಎಷ್ಟು ಗಂಟೆಯೊಳಗೆ ತಲುಪಬೇಕು ಅನ್ನುವ ಮೂರು ವಿಷಯ ಸಾಕು.

ಆ ಮೂರು ವಿಷಯವನ್ನು ಬಾಗಿಲು ಮುಚ್ಚುವ ಮೊದಲು ಬಾಯಿಬಿಟ್ಟು ಹೇಳಬೇಕು. ಕ್ಯಾಪ್ಟನ್ ಅದನ್ನು ತಿರುಗಿ ಹೇಳಬೇಕು. ಕಂಟ್ರೋಲ್ ಟವರ್ ಜೊತೆ ಪೈಲಟ್‌ಗಳು ದಿನಾ ಹೀಗೇ ಮಾಡುತ್ತಾರೆ. ಎಷ್ಟು ಎತ್ತರಕ್ಕೆ ಏರಬೇಕು ಅಂತ ಟವರ್ ಹೇಳಿದರೆ ಅದೇ ಅಂಕಿಯನ್ನು ತಿರುಗಿ ಹೇಳುತ್ತಾರೆ, ಸುಮ್ನೆ ಸರಿ ಅನ್ನುವುದಿಲ್ಲ. ಅದೇ ಶಿಸ್ತು ನೆಲದ ಮೇಲೆ ಹೆಡ್‌ಸೆಟ್ ಹಾಕಿಕೊಂಡು ನಿಂತವನ ಜೊತೆಗೂ ಬರಲಿ. ಹದಿನೈದು ಸೆಕೆಂಡಿನ ಕೆಲಸ. ಸಿಬ್ಬಂದಿ ಬದಲಾದರೆ ಮತ್ತೆ ಹೇಳಬೇಕು, ಮೊದಲನೆಯವರಿಗೆ ಹೇಳಿದ್ದು ಲೆಕ್ಕಕ್ಕೆ ಬರಬಾರದು.

ಇನ್ನು ಸರಕು ಇಳಿಸುವ ವಿಷಯ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೊನೇ ಗಳಿಗೆಯ ಬದಲಾವಣೆಯಲ್ಲಿ ನಾವು ತೂಕ ಮಾತ್ರ ಹೇಳುತ್ತೇವೆ. ಇಷ್ಟು ಕಿಲೋ ಇಳಿಸಿದೆ ಅಂತ. ಏನನ್ನು ಇಳಿಸಿದೆ ಅನ್ನುವುದೂ ಕ್ಯಾಪ್ಟನ್‌ಗೆ ಹೋಗಬೇಕು. ಆ ಪಟ್ಟಿಯಲ್ಲಿರುವ ಯಾವ ಸರಕನ್ನೂ ಕ್ಯಾಪ್ಟನ್ ಒಪ್ಪಿಗೆ ಇಲ್ಲದೆ ಇಳಿಸುವ ಹಾಗಿರಬಾರದು. ಸಾಫ್ಟ್‌ವೇರ್‌ನಲ್ಲಿ ಒಂದು ತಡೆ ಹಾಕಿ. ನನ್ನಂಥ ಲೋಡ್ ಕಂಟ್ರೋಲರ್ "ಹೋಲ್ಡ್ 5 ಖಾಲಿ ಮಾಡಿ" ಅಂತ ಟೈಪ್ ಮಾಡಿದಾಗ ಯಂತ್ರ ನಿಂತು ಕೇಳಲಿ: ಅಲ್ಲಿ ರಕ್ತ ಇದೆ, ಇಳಿಸಲೇಬೇಕಾ? ಅದು ಕೇಳಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ.

ಇಳಿಯುವ ಊರಿಗೂ ಹೀಗೇ ಆಗಲಿ. ವಿಮಾನ ಹಾರಿದ ಕೂಡಲೇ ಡಬ್ಬಿ ಹತ್ತಿದೆ ಅಥವಾ ಹತ್ತಿಲ್ಲ ಅಂತ ಆಸ್ಪತ್ರೆಗೆ ಒಂದು ಸಂದೇಶ ಹೋದರೆ ಗೇಟಿನ ಮುಂದೆ ರಾತ್ರಿಯಿಡೀ ಯಾರೂ ನಿಲ್ಲಬೇಕಿಲ್ಲ. ಡಾಕ್ಟರಿಗೆ ಬೇರೆ ದಾರಿ ಹುಡುಕಲು ಏಳೆಂಟು ಗಂಟೆ ಸಿಗುತ್ತದೆ.

ಕೊನೆಯದಾಗಿ ಲೋಡರ್‌ಗಳ ಬಗ್ಗೆ. ಡಬ್ಬಿಯನ್ನು ಕಣ್ಣಾರೆ ನೋಡುವವರು ಅವರೇ. ನಾನು ನೋಡುವುದಿಲ್ಲ, ಕ್ಯಾಪ್ಟನ್ ನೋಡುವುದಿಲ್ಲ. ಆದರೆ ಡಬ್ಬಿಯ ಮೇಲಿನ ಲೇಬಲ್ ಇಂಗ್ಲಿಷ್‌ನಲ್ಲಿ, ತರಬೇತಿ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಹೋಲ್ಡಿನೊಳಗೆ ಬಗ್ಗಿ ಕೆಲಸ ಮಾಡುವ ಎಷ್ಟೋ ಹುಡುಗರು ಓದಿರುವುದು ಕನ್ನಡ. ಅವರಿಗೆ ಅವರ ಭಾಷೆಯಲ್ಲಿ ಕಲಿಸಿ. ಬೇರೆ ರಾಜ್ಯಗಳಲ್ಲಿ ಅಲ್ಲಿಯ ಭಾಷೆಯಲ್ಲಿ ಕಲಿಸಿ. ಜೀವದ ಸರಕಿಗೆ ಯಾವ ಭಾಷೆಯೂ ಬೇಡದ ಒಂದೇ ಬಣ್ಣ, ಒಂದೇ ಗುರುತು ಇಡೀ ದೇಶಕ್ಕೆ ಬರಲಿ. ಅನುಮಾನ ಬಂದಾಗ ಕೈ ಎತ್ತಿ ಕೆಲಸ ನಿಲ್ಲಿಸುವ ಹಕ್ಕನ್ನು ಅವರಿಗೆ ಬರಹದಲ್ಲಿ ಕೊಡಿ. ವಿಮಾನ ಐದು ನಿಮಿಷ ತಡವಾಯಿತು ಅಂತ ಗುತ್ತಿಗೆ ಹುಡುಗನ ಸಂಬಳಕ್ಕೆ ಕತ್ತರಿ ಬಿದ್ದರೆ ಅವನು ಇನ್ನೊಂದು ಸಲ ಬಾಯಿ ಬಿಡುತ್ತಾನಾ?

ಆ ರಾತ್ರಿ ನಮ್ಮಲ್ಲಿ ಸರಿಯಾಗಿ ಯೋಚಿಸಿದವನು ಅವನೊಬ್ಬನೇ. ಆಮೇಲೆ ನಡೆದ ವಿಚಾರಣೆಯಲ್ಲಿ ನನ್ನನ್ನು ಕೇಳಿದರು, ಡ್ಯೂಟಿ ಆಫೀಸರನ್ನು ಕೇಳಿದರು, ಮೇಲ್ವಿಚಾರಕನನ್ನು ಕೇಳಿದರು. ಅವನನ್ನು ಕರೆಯಲೇ ಇಲ್ಲ. ಅವನು ಹೇಳಿದ ಮಾತು ಯಾವ ಕಡತದಲ್ಲೂ ಇಲ್ಲ. ಅದು ಎಲ್ಲಾದರೂ ದಾಖಲಾಗಲಿ ಅಂತಲೇ ಇಲ್ಲಿ ಬರೆದಿದ್ದೇನೆ.

ಅವನು ಈಗಲೂ ಅದೇ ಕೆಲಸದಲ್ಲಿದ್ದಾನೆ, ಆಗಾಗ ಫೋನ್ ಮಾಡುತ್ತಾನೆ. ಈ ಪತ್ರಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಬಂದರೆ ಅವನಿಗೆ ಓದಿ ಹೇಳುತ್ತೇನೆ. ಕನ್ನಡದಲ್ಲೇ ಬಂದರೆ ಅವನೇ ಓದಿಕೊಳ್ಳುತ್ತಾನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೋಡ್ ಕಂಟ್ರೋಲರ್
ದೇವನಹಳ್ಳಿ